ಕುಂಕುಮ ಹಚ್ಚಿದ ಬೈಲಾ ಪುಸ್ತಕ

ಮೊನ್ನೆ ನಮ್ಮ ಬೀದಿಯ ಹುಡುಗಿ ಸವಿತಾಳಿಗೆ ಪುರಸಭೆಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ಸಿಹಿ ಕೊಡಲು ಬಂದವಳು, "ಅಂಕಲ್, ಊರಿನ ಬೈಲಾ ಪುಸ್ತಕ ಎಲ್ಲಿ ಸಿಗುತ್ತೆ? ಓದ್ಕೊಂಡೇ ಡ್ಯೂಟಿಗೆ ಹೋಗೋಣ ಅಂತಿದೀನಿ" ಎಂದಳು. ನನ್ನ ಬಾಯಲ್ಲಿದ್ದ ಮೈಸೂರುಪಾಕು ಗಂಟಲಿಗೆ ಸಿಕ್ಕಿಕೊಂಡಿತು. ಕೆಮ್ಮಿದೆ, ನಕ್ಕೆ, ಮತ್ತೆ ಕೆಮ್ಮಿದೆ. ನನ್ನ ಹೆಂಡತಿ ಬೆನ್ನಿಗೆ ಎರಡು ಗುದ್ದು ಹಾಕಿದ ಮೇಲೆ ಉಸಿರು ಬಂತು. ಪಾಪ, ಹುಡುಗಿ ಹೆದರಿಬಿಟ್ಟಳು.

ನಗು ಯಾಕೆ ಬಂತೆಂದರೆ, ಪುರಸಭೆಯಲ್ಲಿ ಮೂವತ್ತು ವರ್ಷದ ಮೇಲೆ ಕೆಲಸ ಮಾಡಿದ ನನಗೆ ಈ ಪ್ರಶ್ನೆ ಹೊಳೆಯಲು ಇಪ್ಪತ್ತು ವರ್ಷ ಹಿಡಿದಿತ್ತು. ಅದೂ ತಾನಾಗಿ ಹೊಳೆಯಲಿಲ್ಲ, ಎರಡು ಹಸು ಸಾಕಿಕೊಂಡಿದ್ದ ಹೆಂಗಸೊಬ್ಬಳು ಹೊಳೆಸಿದಳು. ಸವಿತಾ, ಆ ಕಥೆಯನ್ನು ನಿನಗೆಂದೇ ಬರೆದಿಡುತ್ತಿದ್ದೇನೆ. ಇಲಾಖೆಯವರು ಕೊಡುವ ತರಬೇತಿಯಲ್ಲಿ ಇದು ಬರುವುದಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಮನೆ, ಅಂಗಡಿ, ಚರಂಡಿ, ದನ, ಸಂತೆ ಇವುಗಳ ಬಗ್ಗೆ ಒಂದು ಊರಿನ ಪುರಸಭೆ ತಾನೇ ಮಾಡಿಕೊಂಡ ನಿಯಮಗಳಿಗೆ ಉಪವಿಧಿ ಎಂದು ಹೆಸರು. ಜನರ ಬಾಯಲ್ಲಿ ಬೈಲಾ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂದು ಈ ಸುತ್ತಿನಲ್ಲೆಲ್ಲ ನಾನು ಕೆಲಸ ಮಾಡಿದ್ದೇನೆ, ಆಚೆ ಜಿಲ್ಲೆಗೂ ಹೋಗಿ ಬಂದಿದ್ದೇನೆ. ಮುಳಬಾಗಿಲಿನಲ್ಲಿ ದೋಸೆ ತಿಂದೆ, ಶ್ರೀನಿವಾಸಪುರದಲ್ಲಿ ಮಾವಿನಹಣ್ಣು ತಿಂದೆ, ಮಾಲೂರಿನ ರೈಲಿನಲ್ಲಿ ನಿಂತುಕೊಂಡೇ ನಿದ್ದೆ ಮಾಡುವುದನ್ನು ಕಲಿತೆ. ಈ ಕಥೆ ನಡೆದ ಊರು ಯಾವುದು ಎಂದು ಮಾತ್ರ ಬಾಯಿ ಬಿಡುವುದಿಲ್ಲ. ಪಿಂಚಣಿ ಇನ್ನೂ ಬರುತ್ತಿದೆ, ತಾಯಿ.

ನನ್ನ ಮೊದಲ ಗುರುಗಳು ನಮ್ಮ ಕಚೇರಿಯ ಹೆಡ್ ಗುಮಾಸ್ತರು. ಎಲ್ಲರೂ ರಾಯರು ಎನ್ನುತ್ತಿದ್ದೆವು. ಮೂಗಿನಲ್ಲಿ ನಶ್ಯ, ಕಿವಿಯ ಮೇಲೆ ಪೆನ್ಸಿಲ್. ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಕೈಕಟ್ಟಿ ನಿಂತು, "ಸಾರ್, ನೋಟೀಸ್ ಹೇಗೆ ಬರೀಬೇಕು?" ಎಂದು ಕೇಳಿದೆ.

"ಬರೆಯೋದೇನೋ ಬಂತು? ಹಳೇ ಡ್ರಾಫ್ಟ್ ನೋಡು, ಹೆಸರು ಬದಲಾಯ್ಸು, ಹೊಡಿ" ಎಂದರು.

"ಯಾವ ಬೈಲಾ ಅಂತ ಹಾಕ್ಲಿ ಸಾರ್?"

"ಇಪ್ಪತ್ತಮೂರು. ಯಾವಾಗ್ಲೂ ಇಪ್ಪತ್ತಮೂರೇ. ನೋಡಪ್ಪ ನಾರಾಯಣಸ್ವಾಮಿ, ಬೈಲಾ ಅಂದ್ರೆ ದೇವರಿದ್ದ ಹಾಗೆ. ಹೆಸರು ಹೇಳ್ಬೇಕು, ಕಣ್ಣಿಂದ ನೋಡ್ಬೇಕು ಅನ್ಬಾರ್ದು."

ಆ ಮಾತನ್ನು ನಾನು ವೇದವಾಕ್ಯದಂತೆ ಪಾಲಿಸಿದೆ. ಮೊದಲ ತಿಂಗಳಲ್ಲೇ ಟೈಲರ್ ಒಬ್ಬನಿಗೆ ನೋಟೀಸು ಹೊಡೆದೆ. ಅಂಗಡಿಯ ಮುಂದಿನ ತಗಡಿನ ಚಪ್ಪರ ರಸ್ತೆಗೆ ಚಾಚಿತ್ತು, ಅಷ್ಟೇ. ನಾನು ನೋಡಿಕೊಂಡು ಹೊಡೆದ ಹಳೇ ಡ್ರಾಫ್ಟು ಇಟ್ಟಿಗೆ ಗೂಡಿನದು. ಹೆಸರು ಬದಲಾಯಿಸಿದೆ, ಗೂಡು ಹಾಗೇ ಉಳಿಯಿತು. ಮಾರನೇ ದಿನ ಟೈಲರ್ ಕುತ್ತಿಗೆಗೆ ಟೇಪು ಹಾಕಿಕೊಂಡೇ ಬಂದ. "ಸಾರ್, ನನ್ನ ಅಂಗಡಿ ಎಂಟಡಿಗೆ ಆರಡಿ. ಅದ್ರೊಳಗೆ ಇಟ್ಟಿಗೆ ಗೂಡು ಎಲ್ಲೈತೆ ತೋರ್ಸಿ, ಹೊಗೆ ನಂಗೆ ಕಾಣಿಸ್ತಾನೇ ಇಲ್ಲ" ಎಂದ. ಇಡೀ ಕಚೇರಿ ನಕ್ಕಿತು. ರಾಯರು ಮಾತ್ರ ಗಂಭೀರವಾಗಿ, "ಬೈಲಾ ನಂಬರು ಸರಿಯಾಗೇ ಇದೆಯಲ್ಲಪ್ಪ" ಎಂದರು.

ಮುಂದೆ ಟೈಪ್‌ರೈಟರ್ ಹೋಯಿತು, ಕಂಪ್ಯೂಟರ್ ಬಂತು. ದಿನಕ್ಕೊಂದು ತಪ್ಪು ಮಾಡುತ್ತಿದ್ದವನು ನಿಮಿಷಕ್ಕೊಂದು ಮಾಡುವಂತಾದೆ. ಹೋಟೆಲಿಗೂ ಇಪ್ಪತ್ತಮೂರು, ಹಂದಿ ಬಿಟ್ಟವರಿಗೂ ಇಪ್ಪತ್ತಮೂರು, ಫ್ಲೆಕ್ಸ್ ಕಟ್ಟಿದವರಿಗೂ ಇಪ್ಪತ್ತಮೂರು. ಅದರಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ. ಹೀಗೆ ಇಪ್ಪತ್ತು ವರ್ಷ ಕಳೆಯಿತು.

ಆಮೇಲೆ ಮುನಿಯಮ್ಮ ಬಂದಳು.

ಅವಳ ಮನೆ ಪಕ್ಕದಲ್ಲಿ ಯಾರೋ ಹೊಸ ಮನೆ ಕಟ್ಟಿಸಿದ್ದರು. ಗೃಹಪ್ರವೇಶವಾದ ಮೂರನೇ ದಿನಕ್ಕೇ ಸಗಣಿ ವಾಸನೆ ಎಂದು ಅರ್ಜಿ ಕೊಟ್ಟರು. ನೋಟೀಸು ಹೊಡೆದವನು ನಾನೇ. 'ಪಟ್ಟಣದ ಮಿತಿಯೊಳಗೆ ದನ ಕಟ್ಟಿರುವುದು ಉಪವಿಧಿ 23ಕ್ಕೆ ವಿರುದ್ಧವಾಗಿದ್ದು, ಏಳು ದಿನಗಳೊಳಗೆ ತೆರವುಗೊಳಿಸತಕ್ಕದ್ದು. ತಪ್ಪಿದಲ್ಲಿ ದನಗಳನ್ನು ದೊಡ್ಡಿಗೆ ಹಾಕಲಾಗುವುದು.'

ಮಂಗಳವಾರ ಬೆಳಿಗ್ಗೆ ನೋಟೀಸು ಮುಟ್ಟಿತು. ಹತ್ತೂವರೆಗೆ ಅವಳು ನನ್ನ ಮೇಜಿನ ಮುಂದಿದ್ದಳು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಕೈಯಲ್ಲಿ ಖಾಲಿಯಾದ ಹಾಲಿನ ಕ್ಯಾನು.

"ಇದೇನ್ ಸಾಮಿ ಬರೆದಿರೋದು? ಓದಿ ಹೇಳು."

ಓದಿ ಹೇಳಿದೆ.

"ಇಪ್ಪತ್ತಮೂರು ಅಂದ್ಯಲ್ಲ, ಅದ್ರಾಗೆ ಏನ್ ಬರೆದೈತೆ?"

"ದನ ಕಟ್ಟಬಾರದು ಅಂತ ಬರೆದಿದೆಯಮ್ಮ."

"ಏದೀ, ಚೂಪಿಂಚು" ಎಂದು ತೆಲುಗಿನಲ್ಲಿ ಕೈ ಚಾಚಿದಳು. "ತೋರ್ಸಪ್ಪ, ನೋಡಾನ."

"ನಿನಗೆ ಓದೋಕೆ ಬರುತ್ತಾ?"

"ನಂಗ್ ಬರಲ್ಲ. ನಿಂಗ್ ಬತ್ತದಲ್ಲ? ನೀನ್ ಓದು, ನಾನ್ ಕೇಳ್ಕಂತೀನಿ."

ನನ್ನ ಹತ್ತಿರ ಏನಿದೆ ಓದಲು? ಪೆಚ್ಚುಮೋರೆ ಹಾಕಿಕೊಂಡು, "ಪುಸ್ತಕ ಇವತ್ತು ಸಿಗಲ್ಲ, ನಾಳೆ ಬಾ" ಎಂದೆ. ನಮ್ಮ ಕಡೆ ದೆವ್ವ ಬಾರದಿರಲಿ ಎಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಂತೆ. ಕಚೇರಿಯಲ್ಲೂ ಅದೇ ಮಂತ್ರ. ಆದರೆ ಮುನಿಯಮ್ಮ ದೆವ್ವಕ್ಕಿಂತ ನಿಯತ್ತಿನವಳು. ಬುಧವಾರ ಹತ್ತು ಗಂಟೆಗೆ ಬೆಂಚಿನ ಮೇಲೆ ಕೂತಿದ್ದಳು.

"ನೋಡ್ ಸಾಮಿ, ನಂಗಿರೋದು ಎರಡು ಹಸ. ಗೌರಿ, ಲಚ್ಚಿ. ನಮ್ ಯಜಮಾನನ ಕಾಲ ಆದ್ಮೇಲೆ ಮನೆ ನಡ್ಸಿದ್ದು ಅವೇಯ. ಗೌರಿ ತುಂಬಿದ ಗಬ್ಬ, ಇವತ್ತೋ ನಾಳೆಯೋ ಅಂತೈತೆ. ಇಂಥ ಟೈಮ್ನಾಗೆ ಅದನ್ನ ದೊಡ್ಡಿಗೆ ಹಾಕ್ತೀರಾ? ಪುಸ್ತಕದಾಗೆ ಹಂಗೇ ಇದ್ರೆ ಹೇಳು, ಕ್ಯಾಲನೂರಾಗೆ ನಮ್ ತಂಗಿ ಅವ್ಳೆ, ಅಳ್ತಾ ಅಳ್ತಾ ಹೊಡ್ಕೊಂಡ್ ಹೋಗಿ ಬಿಟ್ ಬತ್ತೀನಿ. ಇಲ್ದೇ ಇದ್ರೆ ಒಂದ್ ಹೆಜ್ಜೇನೂ ಕದಲಾಕಿಲ್ಲ."

ಆಗಷ್ಟೇ ನಮಗೆ ಹೊಸ ಮುಖ್ಯಾಧಿಕಾರಿ ಬಂದಿದ್ದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಪರೀಕ್ಷೆ ಬರೆದು ನೇರವಾಗಿ ಬಂದವರು. ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡ ಮೇಡಂ, "ನಾರಾಯಣಸ್ವಾಮಿಯವರೇ, ನಂಗೂ ಆ ಇಪ್ಪತ್ತಮೂರು ನೋಡ್ಬೇಕು ಅನ್ನಿಸ್ತಿದೆ. ತನ್ನಿ" ಎಂದರು. ರಾಯರ ನಶ್ಯದ ಡಬ್ಬಿ ಕೈಯಿಂದ ಜಾರಿ ಬಿತ್ತು.

ಬುಧವಾರವಿಡೀ ರೆಕಾರ್ಡ್ ರೂಮಿನಲ್ಲಿ ಕಳೆಯಿತು. ಸಿಕ್ಕಿದ್ದು ಇಷ್ಟು: ಯಾವುದೋ ಚುನಾವಣೆಯ ಒಣಗಿದ ಶಾಯಿ ಬಾಟಲಿ, ಒಂಟಿ ಚಪ್ಪಲಿ, ಮತ್ತು ರೆಕಾರ್ಡ್ ರೂಮಿನಲ್ಲಿ ಇಲಿ ಕಾಟ ಎಂದು ಬಂದಿದ್ದ ಅರ್ಜಿಗಳ ಒಂದು ಕಡತ. ಆ ಕಡತವನ್ನು ಇಲಿ ಅರ್ಧ ತಿಂದಿತ್ತು.

ಗುರುವಾರ ಸುತ್ತಲಿನ ಊರುಗಳ ಸ್ನೇಹಿತರಿಗೆ ಫೋನು ಮಾಡಿದೆ. ಮೊದಲನೆಯವನು, "ನಮ್ದು ಪಕ್ಕದೂರಿನ ನಕಲು ಕಣೋ, ಅವರನ್ನ ಕೇಳು" ಎಂದ. ಎರಡನೆಯವನು ಮೂರನೆಯವನ ಕಡೆ ಕೈ ತೋರಿಸಿದ. ಮೂರನೆಯವನು, "ಲೇ ನಾಣಿ, ನಾವು ನಿಮ್ಮೂರಿನ ನೋಟೀಸ್ ನೋಡಿ ತಾನೇ ಹೊಡೀತಿರೋದು? ಪುಸ್ತಕ ನಿಮ್ಮತ್ರನೇ ಇರ್ಬೇಕು" ಎಂದ. ಫೋನು ಇಟ್ಟು ಅರ್ಧ ಗಂಟೆ ಸುಮ್ಮನೆ ಫ್ಯಾನು ನೋಡುತ್ತ ಕೂತೆ. ಆಮೇಲೆ ನಮ್ಮದೇ ವೆಬ್‌ಸೈಟು ತೆರೆದೆ. ಅಧ್ಯಕ್ಷರ ಫೋಟೋ ಇತ್ತು, ಉಪಾಧ್ಯಕ್ಷರ ಫೋಟೋ ಇತ್ತು. 'ಉಪವಿಧಿಗಳು' ಎಂಬಲ್ಲಿ ಒತ್ತಿದರೆ 'ಶೀಘ್ರದಲ್ಲೇ ನಿರೀಕ್ಷಿಸಿ' ಎಂದು ಬಂತು. ಮುನಿಯಮ್ಮ ಬೆಂಚಿನಿಂದ, "ಸಿಕ್ತಾ ಸಾಮಿ?" ಎಂದಳು. ಅವಳ ಮುಖ ನೋಡಲು ನನಗೆ ನಾಚಿಕೆಯಾಯಿತು.

ಶುಕ್ರವಾರ ನಾಲ್ಕನೇ ದಿನ. ನಮ್ಮ ಕಚೇರಿಯಲ್ಲಿ ಶುಕ್ರವಾರ ಪೂಜೆ. ಪೂಜೆ ಮಾಡುವುದು ಅಟೆಂಡರ್ ಚೌಡಪ್ಪ. ಗೋಡೆಯ ಮೇಲೆ ದೇವರ ಫೋಟೋಗಳು, ಕೆಳಗೆ ಒಂದು ಹಲಗೆ, ಹಲಗೆಯ ಮೇಲೆ ಕೆಂಪು ಬಟ್ಟೆಯ ದಪ್ಪ ಗಂಟು. ಚೌಡಪ್ಪ ಗಂಟಿಗೆ ನೀರು ಚಿಮುಕಿಸಿದ, ಅರಿಶಿನ ಕುಂಕುಮ ಹಚ್ಚಿದ, ಮಂಗಳಾರತಿ ಎತ್ತಿದ. ನಾವೆಲ್ಲ ಕಣ್ಣಿಗೆ ಒತ್ತಿಕೊಂಡೆವು. ಮುನಿಯಮ್ಮನೂ ಒತ್ತಿಕೊಂಡು, "ಅದ್ಯಾವ ದೇವ್ರಪ್ಪ ಗಂಟಿನಾಗಿರೋದು?" ಎಂದು ಕೇಳಿದಳು.

"ಅದು ಆಫೀಸ್ ದೇವ್ರು ಕಣಮ್ಮ" ಎಂದ ಚೌಡಪ್ಪ. "ನಮ್ಮಪ್ಪನೂ ಇಲ್ಲೇ ಅಟೆಂಡರ್. ಪ್ರತಿ ಆಯುಧಪೂಜೆಗೂ ಹೊಸ ಬಟ್ಟೆ ಸುತ್ತಿ ಪೂಜೆ ಮಾಡ್ತಿದ್ರು. ಈಗ ನಾನ್ ಮಾಡ್ತೀನಿ."

"ಬಿಚ್ಚಿ ನೋಡಿದ್ದೀಯಾ?"

"ಅಯ್ಯಯ್ಯೋ, ಬಿಚ್ಚಂಗಿಲ್ಲ! ಬಿಚ್ಚಿದೋರಿಗೆ ಟ್ರಾನ್ಸ್‌ಫರ್ ಆಗ್ತದೆ. ಹಿಂದೆ ಒಬ್ರು ಮ್ಯಾನೇಜರ್ ಗಂಟಿಗೆ ಕೈ ಹಾಕಿದ್ರಂತೆ, ಸಾಯಂಕಾಲಕ್ಕೆ ಬೀದರ್‌ಗೆ ಆರ್ಡರ್ರು!"

ಆ ಕಥೆ ನಮಗೆಲ್ಲ ಗೊತ್ತಿತ್ತು. ಇಪ್ಪತ್ತು ವರ್ಷ ಆ ಗಂಟಿಗೆ ನಾನೂ ಕೈ ಮುಗಿದಿದ್ದೆ, ಬೀದರಿಗೆ ಹೆದರಿ ದೂರವೇ ನಿಂತಿದ್ದೆ. ಆದರೆ ಅವತ್ತು ಮುನಿಯಮ್ಮ ಕೇಳಿದ ಮೇಲೆ ಆ ಗಂಟು ನನಗೆ ಬೇರೆ ರೀತಿ ಕಾಣಿಸಿತು. ಚೌಕಾಕಾರ, ನಾಲ್ಕು ಮೂಲೆ. ರಾಯರ ಕಡೆ ನೋಡಿದೆ. ಅವರೂ ಗಂಟನ್ನೇ ನೋಡುತ್ತಿದ್ದರು. ಇಬ್ಬರ ಬಾಯಿಂದಲೂ ಒಟ್ಟಿಗೆ "ಅಯ್ಯೋ ರಾಮ!" ಎಂದು ಬಂತು.

"ಬಿಚ್ಚಿ" ಎಂದರು ಮೇಡಂ.

ಚೌಡಪ್ಪ ಗಂಟಿಗೆ ಅಡ್ಡ ನಿಂತ. ರಾಯರು, "ನಂಗೆ ರಿಟೈರ್‌ಮೆಂಟಿಗೆ ಐದೇ ತಿಂಗಳು, ನನ್ನನ್ನ ಬಿಟ್ಬಿಡಿ ಮೇಡಂ" ಎಂದರು. ನನ್ನ ಮಗಳು ಹತ್ತನೇ ಕ್ಲಾಸು ಎಂದು ನಾನು ಹೇಳಿದೆ. ಮೇಡಂ ತಾವೇ ಕೈ ಚಾಚಿದರು. ಅರ್ಧ ದೂರ ಹೋದ ಕೈ ನಿಂತುಬಿಟ್ಟಿತು. ಹಿಂದಿನ ವಾರವಷ್ಟೇ ಅವರು ತಮ್ಮ ಮಗುವನ್ನು ಇಲ್ಲಿನ ಶಾಲೆಗೆ ಸೇರಿಸಿದ್ದರು. ಅಷ್ಟು ಓದಿದ ಹೆಣ್ಣುಮಗಳು, "ನಂಬಿಕೆ ಅಂತ ಅಲ್ಲ... ಆದ್ರೂ..." ಎಂದು ಕೈ ಹಿಂದಕ್ಕೆ ತೆಗೆದುಕೊಂಡರು. ಕಚೇರಿ ತುಂಬ ಸರ್ಕಾರಿ ನೌಕರರು, ಒಂದು ಬಟ್ಟೆಗಂಟು ಬಿಚ್ಚಲು ಒಬ್ಬರಿಗೂ ಧೈರ್ಯವಿಲ್ಲ!

ಮುನಿಯಮ್ಮ ಕ್ಯಾನು ಕೆಳಗಿಟ್ಟು ಎದ್ದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನನ್ನ ಎಲ್ಲಿಗಪ್ಪ ಹಾಕ್ತಾರೆ ಟ್ರಾನ್ಸ್‌ಫರು? ಕೊಟ್ಟಿಗೆಯಿಂದ ಅಡಿಗೆಮನೆಗಾ? ಜರುಗ್ರಿ ಅತ್ತ!"

ಒಂದು ಬಟ್ಟೆ ಬಿಚ್ಚಿದಳು, ಒಳಗೆ ಇನ್ನೊಂದು. ಅದರೊಳಗೆ ಮತ್ತೊಂದು. ಪ್ರತಿ ಸುತ್ತಿಗೂ ಒಣಗಿದ ವೀಳ್ಯದೆಲೆ ಉದುರಿತು. ಚೌಡಪ್ಪ ಕಣ್ಣು ಮುಚ್ಚಿಕೊಂಡು "ತಪ್ಪಾಯ್ತು ಸ್ವಾಮಿ" ಎನ್ನುತ್ತಿದ್ದ. ಎಷ್ಟು ಬಟ್ಟೆ ಎಂದು ಎಣಿಸುವುದನ್ನೇ ಬಿಟ್ಟೆವು. ಕೊನೆಗೆ ಕರ್ಪೂರದ ವಾಸನೆ ಹೊಡೆಯುವ ಹಳದಿ ಹಾಳೆಯ ಪುಸ್ತಕ ಹೊರಬಂತು. ರಟ್ಟಿನ ಮೇಲೆ ನಮ್ಮ ಪುರಸಭೆಯ ಹೆಸರು, ಅದರ ಕೆಳಗೆ 'ಉಪವಿಧಿಗಳು'. ನಮ್ಮ ದೇವರು ಅದೇ ಆಗಿತ್ತು! ಮಂಗಳಾರತಿ ಎತ್ತುತ್ತಿದ್ದೆವು, ಊರೆಲ್ಲ ಹುಡುಕುತ್ತಿದ್ದೆವು.

"ಓದು ಸಾಮಿ, ಇಪ್ಪತ್ತಮೂರು" ಎಂದಳು ಮುನಿಯಮ್ಮ.

ಪುಟ ತಿರುವಿ ಗಟ್ಟಿಯಾಗಿ ಓದಿದೆ. "'ಸೂರ್ಯಾಸ್ತದ ತರುವಾಯ ಯಾವನೇ ವ್ಯಕ್ತಿಯು ದೀಪವಿಲ್ಲದೆ ಜಟಕಾಗಾಡಿಯನ್ನು ಪಟ್ಟಣದ ಬೀದಿಗಳಲ್ಲಿ ಓಡಿಸತಕ್ಕದ್ದಲ್ಲ.'"

ಮೊದಲು ನಕ್ಕಿದ್ದು ಮೇಡಂ. ಆಮೇಲೆ ಯಾರು ಯಾರನ್ನು ಹಿಡಿದುಕೊಂಡು ನಕ್ಕರೋ ಗೊತ್ತಿಲ್ಲ. ಹೋಟೆಲಿನವರು, ಟೈಲರ್, ಫ್ಲೆಕ್ಸಿನವರು ಎಲ್ಲರಿಗೂ ದೀಪವಿಲ್ಲದ ಜಟಕಾ ಓಡಿಸಿದ್ದಕ್ಕೆ ನೋಟೀಸು ಕೊಟ್ಟಿದ್ದೆವು! ರಾಯರು ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಊರಲ್ಲಿ ಜಟಕಾನೇ ಉಳ್ದಿಲ್ವಲ್ಲೋ" ಎಂದರು. ಮುನಿಯಮ್ಮ, "ನಂದು ಜಟಕಾ ಅಲ್ಲ ಸಾಮಿ, ಹಸ" ಎಂದಳು. ಮತ್ತೆ ನಕ್ಕೆವು.

ಆದರೆ ಮೇಡಂ ಬುದ್ಧಿವಂತೆ. "ದನದ ಬಗ್ಗೆ ಬೇರೆ ಕಡೆ ಇದೆಯಾ ನೋಡಿ" ಎಂದರು. ಇತ್ತು. ಮೂವತ್ತೇಳನೆಯದು. 'ಪಟ್ಟಣದ ಮಿತಿಯೊಳಗೆ ಯಾವನೇ ವ್ಯಕ್ತಿಯು ಪರವಾನಗಿಯಿಲ್ಲದೆ ಹಸು, ಎಮ್ಮೆಗಳನ್ನು ಕಟ್ಟತಕ್ಕದ್ದಲ್ಲ.' ಪುಟ ಅಲ್ಲಿಗೆ ಮುಗಿದಿತ್ತು. ಅಂಥ ಪರವಾನಗಿ ಕೊಡುವುದನ್ನು ಕಚೇರಿ ನಿಲ್ಲಿಸಿ ಎಷ್ಟೋ ವರ್ಷವಾಗಿತ್ತು. ನಗು ಹಾಗೇ ಆರಿಹೋಯಿತು. ಮುನಿಯಮ್ಮ ಸೊಂಟದ ಸೆರಗು ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. "ಹಂಗಾರೆ ಐತೆ. ಆಯ್ತು ಬಿಡು, ಓದಿ ಹೇಳಿದ್ಯಲ್ಲ" ಎಂದು ಕ್ಯಾನು ಎತ್ತಿಕೊಂಡಳು. ಅವಳು ಬೈದಿದ್ದರೂ ಚೆನ್ನಾಗಿತ್ತು.

"ಇರಮ್ಮ, ಇರು" ಎಂದರು ರಾಯರು. ಅವರ ಬೆರಳು ಹಾಳೆಯ ಅಂಚು ಸವರುತ್ತಿತ್ತು. "ಈ ಹಾಳೆ ದಪ್ಪ ಇದೆ. ಎರಡು ಹಾಳೆ ಅಂಟಿಕೊಂಡಿದೆ."

ವರ್ಷಗಟ್ಟಲೆ ಚಿಮುಕಿಸಿದ ನೀರು ಮತ್ತು ಕುಂಕುಮ ಸೇರಿ ಹಾಳೆಗಳನ್ನು ಗೋಂದಿನಂತೆ ಹಿಡಿದಿದ್ದವು. ಎಳೆದರೆ ಹರಿಯುತ್ತದೆ. ಚೌಡಪ್ಪ ಓಡಿಹೋಗಿ ಬಿಸಿ ಬಿಸಿ ಟೀ ತಂದ. ಲೋಟವನ್ನು ಹಾಳೆಯ ಮೇಲೆ ಇಟ್ಟು ಎತ್ತಿ, ಇಟ್ಟು ಎತ್ತಿ, ರಾಯರು ಉಗುರಿನ ತುದಿಯಿಂದ ಬಿಡಿಸುತ್ತಾ ಹೋದರು. ಮೊದಲು ಒಂದು ಪದ ಕಾಣಿಸಿತು: 'ಪರಂತು.'

ಸವಿತಾ, ಈ ಪದವನ್ನು ನೆನಪಿಟ್ಟುಕೋ. ಕಾನೂನಿನ ಕನ್ನಡದಲ್ಲಿ 'ಆದರೆ' ಎನ್ನುವುದಕ್ಕೆ ಪರಂತು ಎನ್ನುತ್ತಾರೆ. ಅದರ ಮೇಲಿರುವುದು ಜನರನ್ನು ಹೆದರಿಸುವುದಕ್ಕೆ, ಕೆಳಗಿರುವುದು ಉಳಿಸುವುದಕ್ಕೆ. ಅಲ್ಲಿಗೆ ಮುಟ್ಟುವ ತನಕ ಓದು ನಿಲ್ಲಿಸಬೇಡ.

'ಪರಂತು, ನೆಲಕ್ಕೆ ಕಲ್ಲು ಹಾಸಿ, ಗಂಜಲವು ಬೀದಿಗೆ ಹರಿಯದಂತೆ ಗುಂಡಿ ಮಾಡಿ, ಸಗಣಿಯನ್ನು ಪ್ರತಿದಿನವೂ ತೆಗೆಯುವ ಪಕ್ಷದಲ್ಲಿ, ಒಂದು ಮನೆಗೆ ಎರಡಕ್ಕೆ ಮೀರದ ಹಸುಗಳಿಗೂ ಅವುಗಳ ಹಾಲು ಕುಡಿಯುವ ಕರುಗಳಿಗೂ ಪರವಾನಗಿಯ ಅಗತ್ಯವಿರತಕ್ಕದ್ದಲ್ಲ.'

"ಇನ್ನೊಂದ್ ಸಲ ಓದು" ಎಂದಳು ಮುನಿಯಮ್ಮ. ಓದಿದೆ. ಮೂರು ಸಲ ಓದಿಸಿದಳು. ನಂತರ ಬೆರಳು ಮಡಿಸುತ್ತಾ ಹೇಳಿದಳು: "ಕಲ್ಲು ಐತೆ, ನಮ್ ಮಾವ ಹಾಸಿದ್ ಚಪ್ಪಡಿ. ಸಗಣಿ ಕೋಳಿ ಕೂಗೋಕ್ ಮುಂಚೆ ತೆಗೀತೀನಿ. ಹಸ ಎರಡೇಯ. ಗಂಜಲದ್ ಗುಂಡಿ ಇಲ್ಲ. ಅದು ನನ್ ತಪ್ಪೇಯ. ಸೋಮವಾರದೊಳಗೆ ತೋಡ್ತೀನಿ." ಅವಳ ಕಣ್ಣಲ್ಲಿ ನೀರಿತ್ತು, ಬಾಯಿ ಮಾತ್ರ ನಗುತ್ತಿತ್ತು.

ಪುಸ್ತಕದಲ್ಲಿ ಇದ್ದರೆ ಸಾಲದು, ಸರ್ಕಾರ ಒಪ್ಪಿ ರಾಜ್ಯಪತ್ರದಲ್ಲಿ ಅಚ್ಚಾಗಿರಬೇಕು, ಆಮೇಲೆ ರದ್ದಾಗಿರಬಾರದು ಎಂದರು ಮೇಡಂ. ಇದೂ ನಿನಗೆ ಪಾಠ. ಶನಿವಾರ ಕೋಲಾರದ ಬಸ್ಸು ಹತ್ತಿದೆ. ಟೊಮೆಟೊ ಲಾರಿಗಳ ಮಧ್ಯೆ ಬಸ್ಸು ಒಂದು ಗಂಟೆ ಸಿಕ್ಕಿಕೊಂಡಿತು, ನಾನು ಇಳಿದು ನಡೆದೇ ಹೋದೆ. ಜಿಲ್ಲಾ ಗ್ರಂಥಾಲಯದ ಹಳೇ ರಾಜ್ಯಪತ್ರದ ಕಟ್ಟುಗಳಲ್ಲಿ ಸಂಜೆಯ ಹೊತ್ತಿಗೆ ಮೂವತ್ತೇಳು ಸಿಕ್ಕಿತು, ಪರಂತು ಸಮೇತ. ಕುಣಿಯಬೇಕು ಎನ್ನಿಸಿತು, ಪಕ್ಕದಲ್ಲಿ ಜನ ಇದ್ದರು. ಇತ್ತ ಮೇಡಂ ಅಷ್ಟೂ ವರ್ಷದ ಸಭೆಗಳ ನಿರ್ಣಯ ಪುಸ್ತಕ ತಿರುವಿ, ರದ್ದಾಗಿಲ್ಲ ಎಂದು ಖಚಿತಪಡಿಸಿಕೊಂಡಿದ್ದರು.

ಸೋಮವಾರ ಏಳನೇ ದಿನ. ಹೆಲ್ತ್ ಇನ್ಸ್‌ಪೆಕ್ಟರ್ ಜೊತೆ ಸ್ಥಳ ಪರಿಶೀಲನೆಗೆ ಹೋದೆ. ಗುಂಡಿ ಸಿದ್ಧವಾಗಿತ್ತು, ಮುಚ್ಚಲು ಚಪ್ಪಡಿಯೂ ಬಂದಿತ್ತು. ಆದರೆ ಮುನಿಯಮ್ಮ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಗೌರಿ ಆಗ ತಾನೇ ಈದಿತ್ತು. ಒದ್ದೆ ಕರು ಗೋಣಿಚೀಲದ ಮೇಲೆ ನಡುಗುತ್ತಿತ್ತು.

ಇನ್ಸ್‌ಪೆಕ್ಟರ್ ತಲೆ ಕೆರೆದುಕೊಂಡ. "ಸಾರ್, 'ಹಾಲು ಕುಡಿಯುವ ಕರು' ಅಂತಿದೆ. ಇದಿನ್ನೂ ಕುಡಿದಿಲ್ಲ. ಏನಂತ ಬರೀಲಿ?"

"ಕಾಯೋಣ" ಎಂದೆ.

ನಾವಿಬ್ಬರೂ ಕಚೇರಿ ಫೈಲು ತೊಡೆಯ ಮೇಲಿಟ್ಟುಕೊಂಡು ಕೊಟ್ಟಿಗೆಯಲ್ಲಿ ಕುಕ್ಕರಗಾಲಲ್ಲಿ ಕೂತೆವು. ಕರು ಎದ್ದಿತು, ಬಿದ್ದಿತು. ಮತ್ತೆ ಎದ್ದು ಇನ್ಸ್‌ಪೆಕ್ಟರ್ ಪ್ಯಾಂಟಿಗೆ ಬಾಯಿ ಹಾಕಿತು. "ಅಲ್ಲಲ್ಲ, ಆ ಕಡೆ!" ಎಂದು ಅವನು ಕೂಗಿದ. ಬೇಲಿಯಾಚೆ ಅರ್ಜಿ ಕೊಟ್ಟಿದ್ದ ಹೊಸ ಮನೆಯವರೂ ಇಣುಕಿ, "ಎಡಕ್ಕೆ, ಎಡಕ್ಕೆ" ಎನ್ನತೊಡಗಿದರು. ಕೊನೆಗೂ ಕೆಚ್ಚಲು ಸಿಕ್ಕಿತು. ಬಾಲ ಅಲ್ಲಾಡಿತು. ನಾನು ಗಟ್ಟಿಯಾಗಿ ಹೇಳಿಕೊಳ್ಳುತ್ತಲೇ ಬರೆದೆ: 'ಹಸು ಎರಡು. ಕರು ಒಂದು, ಹಾಲು ಕುಡಿಯುತ್ತಿದೆ. ಉಪವಿಧಿ 37ರ ಪರಂತುಕದಂತೆ ಸರಿಯಿದೆ.' ನನ್ನ ಸರ್ವೀಸಿನಲ್ಲಿ ಹಳೇ ಡ್ರಾಫ್ಟ್ ನೋಡದೆ ಬರೆದ ಮೊದಲ ವಾಕ್ಯ ಅದು.

"ಆ ಪದ ಏನಂದೆ ಸಾಮಿ?" ಎಂದಳು ಮುನಿಯಮ್ಮ.

"ಪರಂತು."

"ಇವಳ ಹೆಸ್ರು ಅದೇಯ" ಎಂದು ಕರುವಿನ ಹಣೆ ಸವರಿದಳು.

ಮೂರನೇ ದಿನ ಒಂದು ಡಬ್ಬಿ ತುಂಬ ಗಿಣ್ಣು ತಂದುಕೊಟ್ಟಳು. ಅದೇ ದಿನದ ಅಂಚೆಯಲ್ಲಿ ನನ್ನ ಟ್ರಾನ್ಸ್‌ಫರ್ ಆರ್ಡರ್ ಬಂತು! ಚೌಡಪ್ಪ ನೆಲದಿಂದ ಒಂದಡಿ ಮೇಲೆ ನಡೆದಾಡಿದ. "ಹೇಳ್ಲಿಲ್ವಾ ಸಾರ್, ಹೇಳ್ಲಿಲ್ವಾ?" ಮುನಿಯಮ್ಮ ಬಾಯಿಗೆ ಕೈಯಿಟ್ಟು, "ಅಲ್ಲಪ್ಪ, ಬಿಚ್ಚಿದ್ದು ನಾನು, ಹೋಗೋದು ನೀನಾ?" ಎಂದಳು. ಬೀದರಿಗಲ್ಲ, ಮೂವತ್ತು ಕಿಲೋಮೀಟರ್ ಆಚೆಗೆ. ಗಿಣ್ಣು ತಿನ್ನುತ್ತಲೇ ಚಾರ್ಜು ಒಪ್ಪಿಸಿದೆ.

ನಿವೃತ್ತಿಯಾದ ಮೇಲೆ, ಹೋದ ತಿಂಗಳು ಆ ಕಡೆ ಹೋಗಿದ್ದೆ. ಪರಂತು ಈಗ ದೊಡ್ಡ ಹಸು, ಪಕ್ಕದಲ್ಲಿ ಅದರ ಕರು. ಇನ್ನೊಂದು ಗೂಟದಲ್ಲಿ ಮುದಿ ಗೌರಿ. ಲಚ್ಚಿ ಕಾಣಲಿಲ್ಲ. ಗಾಬರಿಯಿಂದ, "ಲಚ್ಚಿ ಎಲ್ಲಮ್ಮ?" ಎಂದೆ.

"ಕ್ಯಾಲನೂರಿಗೆ ಹೊಡ್ದೆ ಸಾಮಿ, ತಂಗಿ ಮನೇಗೆ. ಪರಂತು ಈದ್ಮೇಲೆ ಹಸ ಮೂರಾಯ್ತಲ್ಲ? ಎರಡೇ ಅಂತ ಬರೆದೈತೆ."

"ಯಾರಾದ್ರೂ ನೋಟೀಸ್ ಕೊಟ್ರಾ?"

ಮುನಿಯಮ್ಮ ಸೊಂಟಕ್ಕೆ ಕೈಯಿಟ್ಟು ನಕ್ಕಳು. "ನೋಟೀಸ್‌ಗೆಲ್ಲ ನಾನ್ ಕದಲ್ತೀನಾ? ಅವತ್ತು ನೀನ್ ಓದಿ ಹೇಳ್ದೆ, ನಾನ್ ಕೇಳ್ಕಂಡೆ. ಅಷ್ಟೇಯ."

ಇಷ್ಟು ವರ್ಷ ಸಾವಿರಾರು ನೋಟೀಸು ಹೊಡೆದಿದ್ದೆ, ಅವುಗಳಿಂದ ಒಂದು ಚಪ್ಪರವಾದರೂ ಮನಸಾರೆ ಹಿಂದಕ್ಕೆ ಸರಿದದ್ದನ್ನು ಕಂಡಿರಲಿಲ್ಲ. ಅವಳು ಚಪ್ಪಡಿ ಒರೆಸಿ ನನ್ನನ್ನು ಕೂರಿಸಿದಳು, ಲೋಟ ತುಂಬ ಹಾಲು ತಂದಳು. ಆಮೇಲೆ ಟ್ರಾನ್ಸ್‌ಫರ್ ಆದಾಗ ಮಾಡಿಸಿಕೊಂಡಿದ್ದ, ನನ್ನ ಚೀಲದಿಂದ ಇಣುಕುತ್ತಿದ್ದ ಬೈಲಾ ಪುಸ್ತಕದ ಜೆರಾಕ್ಸ್ ಪ್ರತಿಯ ಕಡೆ ಕೈ ತೋರಿಸಿದಳು.

"ಬೀದಿ ಚರಂಡಿ ಕಟ್ಕೊಂಡು ಒಂದ್ ತಿಂಗ್ಳಾಯ್ತು ಸಾಮಿ. ಚರಂಡಿ ಸುದ್ದಿ ಏನಾರ ಬರೆದೈತಾ ಅದ್ರಾಗೆ? ಓದು. ಇರು, ಪಕ್ಕದ್ಮನೆಯೋರ್ನೂ ಕರೀತೀನಿ."

ಕನ್ನಡಕ ಹಾಕಿಕೊಂಡೆ. ಬೇಲಿಯಾಚೆಯಿಂದ ಅವರೂ ಕುರ್ಚಿ ಎತ್ತಿಕೊಂಡು ಬಂದರು.